ಶನಿವಾರದ ಸಿಂಧೂರ

ಸಿಂಧೂರ ಕಲಸಿದ ಎಣ್ಣೆಯ ವಾಸನೆ ಬಂದರೆ ಈಗಲೂ ನಾನು ಎದ್ದು ಆಚೆ ಹೋಗುತ್ತೇನೆ. ದೇವರ ಮೇಲೆ ಸಿಟ್ಟಿಲ್ಲ, ಜನರ ಮೇಲಿದೆ.

ಐವತ್ತರ ದಶಕದ ಕೊನೆ. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ, ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿದ್ದೆವು. ಅಪ್ಪ ಗಣಿಯೊಳಗೆ ಇಳಿಯುತ್ತಿದ್ದ. ನನ್ನ ತಮ್ಮ ಹುಟ್ಟುವಾಗಲೇ ಅವನ ಬೆನ್ನಿನ ತುದಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆಯಿತ್ತು. ವರ್ಷ ತುಂಬುವ ಹೊತ್ತಿಗೆ ಮೂಸಂಬಿಯಷ್ಟಾಯಿತು. ಅಂಗಾತ ಮಲಗಿಸುವಂತಿಲ್ಲ, ಕೂರಿಸುವಂತಿಲ್ಲ. ಮಗು ಸದಾ ಬೋರಲು.

ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದ ಅಜ್ಜಿ, ಅಪ್ಪನ ತಾಯಿ, ನೋಡಿದವಳೇ ಕೈಮುಗಿದಳು. "ಇದು ಗೆಡ್ಡೆ ಅಲ್ಲ ಕಣ್ಲಾ, ಬಾಲ! ಆಂಜನೇಯಸ್ವಾಮಿನೇ ಬಂದವ್ನೆ. ಕತ್ತಿ ಗಿತ್ತಿ ಮುಟ್ಟಿಸೀಯ, ಜೋಕೆ," ಎಂದು ಮಗನಿಗೆ ತಾಕೀತು ಮಾಡಿದಳು. ಗಣಿಯ ಕತ್ತಲಿಗೆ ಹೆದರದ ಅಪ್ಪ ತಾಯಿಯ ಮುಂದೆ ಬಾಯಿ ಬಿಡಲಿಲ್ಲ.

ಶನಿವಾರ ಬಂತೆಂದರೆ ಮಾರಿಕುಪ್ಪಂ ರೈಲಿನಲ್ಲಿ ಹಳ್ಳಿಯವರು ಬರತೊಡಗಿದರು. ಬಟ್ಟೆ ಎತ್ತಿ, ಗಡ್ಡೆಗೆ ಎಣ್ಣೆ ಸಿಂಧೂರ ಮೆತ್ತಿ, ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಮಗು ಕಿರುಚಿದರೆ "ಸ್ವಾಮಿ ಮಾತಾಡ್ತಾವ್ನೆ" ಅನ್ನುವರು. ಥೂ! ಅವರು ಹೋದ ಮೇಲೆ ಒರೆಸುವ ಕೆಲಸ ನನ್ನದು. ಚರ್ಮ ಬಿರಿದು ಕೀವು ಬರುತ್ತಿತ್ತು. ಉಸಿರು ಬಿಗಿಹಿಡಿದೇ ಒರೆಸುತ್ತಿದ್ದೆ.

ಒಂದು ಶನಿವಾರ, ವಾರವಾರವೂ ತಪ್ಪದೆ ಬರುತ್ತಿದ್ದ ಹೆಂಗಸೊಬ್ಬಳು ಆ ಕೀವು ಬೆರೆತ ಸಿಂಧೂರವನ್ನು ಬೆರಳಲ್ಲಿ ತೆಗೆದು, ಕಂಕುಳಲ್ಲಿದ್ದ ತನ್ನ ಕೂಸಿನ ತುಟಿಗೆ ಸವರಿದಳು. ಅಮ್ಮ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ಬಂದವಳೇ ತಮ್ಮನನ್ನು ಹೆಗಲಿಗೆ ಹಾಕಿಕೊಂಡಳು.

"ಎಲ್ಲಿಗ್ಲೇ?" ಎಂದಳು ಅಜ್ಜಿ.

"ಆಸ್ಪತ್ರೆಗೆ ಓಯ್ತೀನತ್ತೆ. ಅಡ್ಡ ಬಂದ್ರೆ ಚೆನ್ನಾಗಿರಾಕಿಲ್ಲ."

ಇಂಥದ್ದು ಬಲು ಅಪರೂಪ ಎಂದರು ಡಾಕ್ಟರು. ಮಗು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಕಟ್ಟಿಕೊಳ್ಳುವ ಗಡ್ಡೆ, ಕ್ಯಾನ್ಸರಿನದ್ದಲ್ಲ. ಆದರೆ ಹುಣ್ಣಿನ ನಂಜು ಮೈಗೇರಿದರೆ ಮಗು ಉಳಿಯದು. ಮೊದಲು ಹುಣ್ಣು ಒಣಗಿಸಿ, ಆಮೇಲೆ ಆಪರೇಷನ್ ಮಾಡಿದರು. ಗಡ್ಡೆಯೊಳಗೆ ಕೂದಲಿತ್ತಂತೆ, ಹಲ್ಲಿನಂಥ ಚೂರೂ ಇತ್ತಂತೆ; ಇಂಥ ಗಡ್ಡೆಯಲ್ಲಿ ಅವು ಬೆಳೆಯುವುದುಂಟಂತೆ. ಅಜ್ಜಿ ಅಪ್ಪನ ಬೆನ್ನು ಬಿದ್ದಳು: "ಆ ಬಾಲನಾರಾ ಇಸ್ಕೊಂಬಾರ್ಲಾ, ಊರಾಗೆ ಊತು ಕಟ್ಟೆ ಕಟ್ಟಾನ." ಮೊಮ್ಮಗ ಕಣ್ಣುಬಿಟ್ಟನೇ ಎಂದು ಕೇಳಲಿಲ್ಲ. ಅಪ್ಪ ಕೊನೆಗೂ ಬಾಯಿಬಿಟ್ಟ: "ನೀನು ಊರಿಗೆ ಓಗವ್ವ."

ಗಾಯ ಮಾಗಿದ ಮೇಲೆ ತಮ್ಮ ಕೂತ. ಮೊದಮೊದಲು ಪಕ್ಕಕ್ಕೆ ಉರುಳುತ್ತಿದ್ದ. ಆಮೇಲೆ ನೆಟ್ಟಗೆ ಕೂತು, ಬಾಗಿಲ ಕಡೆ ಮುಖ ಮಾಡಿ ಚಪ್ಪಾಳೆ ತಟ್ಟುತ್ತಿದ್ದ. ಹಾಗೆ ಕೂತಿದ್ದ ಒಂದು ಶನಿವಾರ ಅದೇ ಹೆಂಗಸು ಎಣ್ಣೆಬಟ್ಟಲು ಹಿಡಿದು ಬಂದಳು. ಅವಳನ್ನು ನೋಡಿ ತಮ್ಮ ನಕ್ಕ. ಅವಳು ಅವನನ್ನು ದಾಟಿ ಒಳಗೆ ಇಣುಕಿದಳು.

"ಇದ್ಯಾರ ಮಗೀನಮ್ಮ? ನಮ್ ಸ್ವಾಮಿ ಎಲ್ಲವ್ನೆ?"

ಅಮ್ಮ ಬಟ್ಟಲು ಕಿತ್ತುಕೊಂಡು ಎಣ್ಣೆಯನ್ನು ಚರಂಡಿಗೆ ಸುರಿದಳು.