ಅಪ್ಪ ಸಮ ಮಾಡಿದ ಗೆಲಾಕ್ಸಿ ಗುಚ್ಛ

ಬಿಸಿಲಿಗೆ ಒಣಗುವ ಕಾಫಿ ಹಣ್ಣಿನ ಹುಳಿ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಅಪ್ಪನ ನೆನಪಾಗುತ್ತದೆ. ಅವರು ಹೋಗಿ ವರ್ಷಗಳಾದವು.

ಶನಿವಾರಸಂತೆ ಹತ್ತಿರ ನಮ್ಮದೊಂದು ಸಣ್ಣ ತೋಟ. ಎಂ.ಎಸ್‌ಸಿ. ಮುಗಿಸಿದವಳು ಗೆಲಾಕ್ಸಿಗಳ ಗುಚ್ಛದ ಮೇಲೆ ಸಂಶೋಧನೆ ಮಾಡಲು ದೂರದ ಊರಿನಲ್ಲಿ ಸೀಟು ಗಿಟ್ಟಿಸಿಕೊಂಡು ಬಂದಿದ್ದೆ. ಅವ್ವ ಆಗಲೇ ಮದುವೆಯ ಮಾತು ತೆಗೆದಿದ್ದಳು. ಅಪ್ಪ ಮಾತ್ರ, "ಅದೇನು ಅಂತ ನಂಗೆ ಅರ್ಥ ಮಾಡ್ಸು. ಆಮೇಲೆ ಕಳ್ಸದೋ ಬ್ಯಾಡ್ವೋ ಹೇಳ್ತೀನಿ" ಎಂದಿದ್ದರು.

ಮರುದಿನ ಬೆಳಿಗ್ಗೆ ಕಣದಲ್ಲಿ ಒಣಹಾಕಿದ್ದ ಕಾಫಿ ಹಣ್ಣನ್ನೇ ಬಳಿದು ಗುಚ್ಛ ಕಟ್ಟಿದೆ. ಒಂದೊಂದು ಹಣ್ಣೂ ಒಂದೊಂದು ಗೆಲಾಕ್ಸಿ, ಅದರೊಳಗೆ ಕೋಟಿ ಕೋಟಿ ನಕ್ಷತ್ರ. ನಟ್ಟನಡುವಿನ ದೈತ್ಯ ಗೆಲಾಕ್ಸಿಗೆ ಒಂದು ಕಿತ್ತಳೆ ಇಟ್ಟೆ. ಅದರ ಸುತ್ತ ಒತ್ತೊತ್ತಾಗಿ ಹಣ್ಣು, ಹೊರಗೆ ಹೋದಂತೆಲ್ಲ ವಿರಳ, ಅಂಚಿನಲ್ಲಿ ಈಗಷ್ಟೇ ಒಳಕ್ಕೆ ಬೀಳುತ್ತಿರುವ ಒಂದೆರಡು ಪುಟ್ಟ ಗುಂಪು. ಚೆನ್ನಾಗೇ ಬಂದಿತ್ತು. ಅಪ್ಪನನ್ನು ಕರೆಯಲು ತೋಟಕ್ಕೆ ಇಳಿದೆ. ಅವರು ಇನ್ನೊಂದು ದಾರಿಯಲ್ಲಿ ಮನೆಗೆ ಬಂದುಬಿಟ್ಟಿದ್ದರು.

ನಾನು ವಾಪಸಾಗುವಷ್ಟರಲ್ಲಿ ಗೋರುಮಣೆ ಎಳೆದು ಇಡೀ ಗುಚ್ಛವನ್ನು ಚಾಪೆಯ ಹಾಗೆ ಸಮ ಮಾಡಿದ್ದರು. ಸಾಲದ್ದಕ್ಕೆ ಕಿತ್ತಳೆ ಸುಲಿಯುತ್ತಿದ್ದರು.

"ಹಸಿ ಹಣ್ಣು ಗುಡ್ಡೆ ಹಾಕಿದ್ರೆ ಬೂಷ್ಟು ಬತ್ತದೆ. ಕಾಫಿ ಮನೇಲಿ ಹುಟ್ಟಿ ಅಷ್ಟೂ ಗೊತ್ತಾಗಕಿಲ್ವಾ?"

ನನಗೆ ಪಿತ್ತ ನೆತ್ತಿಗೇರಿತು. "ಅದು ಕಾಫಿ ಅಲ್ಲಪ್ಪ, ಆಕಾಶ!" ಎಂದು ಕೂಗಿದೆ.

ಅಪ್ಪ ಒಂದು ಕ್ಷಣ ಕಣವನ್ನೂ ನನ್ನ ಮುಖವನ್ನೂ ನೋಡಿದರು. "ಮತ್ತೆ ಕಟ್ಟು" ಎಂದು ಕಟ್ಟೆಯ ಮೇಲೆ ಕೂತರು.

ಕಟ್ಟುತ್ತ ಹೇಳಿದೆ. ಇವು ಯಾವುವೂ ನಿಂತಲ್ಲಿ ನಿಂತಿಲ್ಲ. ಒಂದೊಂದೂ ಒಂದೊಂದು ದಿಕ್ಕಿಗೆ ಓಡುತ್ತದೆ, ನಡುವನ್ನು ಹಾದು ಆಚೆ ಹೋಗಿ ಮತ್ತೆ ಹಿಂದಿರುಗುತ್ತದೆ. ಆ ವೇಗಕ್ಕೆ ಎಲ್ಲವೂ ಯಾವತ್ತೋ ಚೆಲ್ಲಾಪಿಲ್ಲಿಯಾಗಬೇಕಿತ್ತು. ಕಣ್ಣಿಗೆ ಕಾಣುವುದರ ತೂಕ ಇವನ್ನು ಹಿಡಿದಿಡಲು ಸಾಲದು. ಕಾಣದ್ದೇನೋ ಹಿಡಿದಿಟ್ಟಿದೆ.

"ಏನದು?"

ಏನಾದರೊಂದು ಹೆಸರು ಹೇಳಿ ಜಾರಿಕೊಳ್ಳೋಣ ಅನ್ನಿಸಿತು. ಅಪ್ಪನ ಮುಖ ನೋಡಿ ಆಗಲಿಲ್ಲ. "ಯಾರಿಗೂ ಗೊತ್ತಿಲ್ಲ" ಎಂದೆ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಯಾರಿಗೂ ಗೊತ್ತಿಲ್ಲದ್ದರ ಹಿಂದೆ ಮಗಳನ್ನು ಕಳಿಸುವ ಅಪ್ಪ ಎಲ್ಲಿದ್ದಾನೆ?

ಅಪ್ಪ ಕಟ್ಟೆಯಿಂದ ಎದ್ದರು.

"ಗೊತ್ತಿದ್ದಿದ್ರೆ ನೀನ್ಯಾಕವ್ವ ಹೋಗ್ಬೇಕಿತ್ತು?" ಎಂದರು. "ಹೋಗು. ನಿಮ್ಮವ್ವಂಗೆ ನಾನು ಹೇಳ್ತೀನಿ."