ತಣ್ಣೀರು ಕೊಡುವ ಗೀಸರ್

ನಮ್ಮ ಮನೆಯ ಗೀಸರಿನಲ್ಲಿ ತಣ್ಣೀರು ಬರುತ್ತದೆ. ನಗಬೇಡಿ, ಪೂರ್ತಿ ಕೇಳಿ.

ಮಗಳು ಸವಿತಾ ಚೊಚ್ಚಲ ಹೆರಿಗೆಗೆಂದು ದೇವದುರ್ಗದ ಗಂಡನ ಮನೆಯಿಂದ ರಾಯಚೂರಿಗೆ, ನಮ್ಮಲ್ಲಿಗೆ ಬಂದಿದ್ದಳು. ಬಾಣಂತನ ಎಂದರೆ ಮೊದಲು ಬಿಸಿನೀರು. ನಮ್ಮ ಕರೆಂಟ್ ಗೀಸರಿನ ಕಾಯಿಲ್ ಅನ್ನು ಬೋರ್‌ವೆಲ್ಲಿನ ಉಪ್ಪುನೀರು ತಿಂದು ಹಾಕಿತ್ತು. ಗ್ಯಾಸ್ ಗೀಸರ್? ಬಚ್ಚಲಿಗೆ ಕಿಟಕಿಯೇ ಇಲ್ಲ, ಹಸಿ ಬಾಣಂತಿಗೆ ಒಳಗೆ ಉಸಿರುಕಟ್ಟಿದರೆ ಏನು ಗತಿ? ಹಂಡೆಯೇ ಸಾಕು ಎಂದರು ಮಲ್ಲಟದ ನಮ್ಮತ್ತೆ. (ಕಟ್ಟಿಗೆ ತರುವವರು ಯಾರು ಎಂದು ಮಾತ್ರ ಹೇಳಲಿಲ್ಲ.)

ನಾನು ಹಟ ಹಿಡಿದು ಸೋಲಾರ್ ಹಾಕಿಸಿದೆ. ರಾಯಚೂರಲ್ಲಿ ಬಿಸಿಲಿಗೇನು ಬರವೇ?

"ಇರೋ ಬಿಸಲು ಸಾಲಂಗಿಲ್ಲಂತ ಮಾಳಿಗಿ ಮ್ಯಾಲ ಬ್ಯಾರೆ ಹಿಡದಿಟ್ಟಾಳ!" ಎಂದು ಅತ್ತೆ ಗೊಣಗಿದರು.

ಕೂಸಿನ ಹೊಕ್ಕುಳಬಳ್ಳಿ ಉದುರಿ, ಮೊದಲ ಸಲ ಮೈತುಂಬ ನೀರು ಹಾಕುವ ದಿನ ಬಂತು. ಮೇ ತಿಂಗಳು. ನೋಡಲು ಬಂದವರು ಹೊರಡುವಷ್ಟರಲ್ಲಿ ಮಧ್ಯಾಹ್ನ. ಕುಡಿಯುವ ನೀರಿನ ಕೊಡವನ್ನೂ ಖಾಲಿ ಮಾಡಿ ಹೋಗಿದ್ದರು. ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರು. ನಾನು ಸೋಲಾರ್ ನಳ ತಿರುಗಿಸಿದೆ. ಹೊಗೆಯಾಡುವ ನೀರು. ಆಹಾ! ಬೆರೆಸಲೆಂದು ಪಕ್ಕದ ತಣ್ಣೀರಿನ ನಳ ತಿರುಗಿಸಿದೆ. ಕೈ ಚುರ್ ಎಂದಿತು.

ಮಾಳಿಗೆಯ ಟ್ಯಾಂಕೂ ಕಾದಿತ್ತು! ಬೇಸಿಗೆಯಲ್ಲಿ ನಸುಕಿನಲ್ಲೇ ಬಕೆಟ್ ತುಂಬಿಟ್ಟುಕೊಳ್ಳುವುದು ರಾಯಚೂರಿನವರ ರೂಢಿ. ಸೋಲಾರ್ ಬಂದ ಜಂಬದಲ್ಲಿ ಅವತ್ತು ಒಂದು ತಂಬಿಗೆಯನ್ನೂ ನಾನು ತುಂಬಿಟ್ಟಿರಲಿಲ್ಲ.

ಕೂಸು ಕಿರುಚತೊಡಗಿತು.

"ಎಷ್ಟೊತ್ತು ಹಿಂಗ ಮಲಗಸ್ಲಿ? ಲಗೂನ ತಣ್ಣೀರು ತಾರವಾ!" ಎಂದರು ಅತ್ತೆ.

"ಯವ್ವಾ, ಆ ನೀರು ಹಾಕಬ್ಯಾಡ್ರಿ, ಕೂಸಿನ ಮೈ ಸುಡ್ತದ!" ಸವಿತಾ ಬಾಗಿಲಲ್ಲೇ ಅಳಲು ಶುರುಮಾಡಿದಳು. ಗಾಬರಿಯಲ್ಲಿ ಅವಳೇ ಒಳಗೆ ನುಗ್ಗಿ, ಗುಜರಿಗೆ ಹಾಕಬೇಕೆಂದಿದ್ದರೂ ಗೋಡೆಯಲ್ಲೇ ಉಳಿದಿದ್ದ ಹಳೇ ಗೀಸರಿನ ನಳ ತಿರುಗಿಸಿದಳು.

ತಣ್ಣೀರು! ನಿಜವಾದ ತಣ್ಣೀರು!

ನಸುಕಿನಲ್ಲಿ ನಮ್ಮ ಯಜಮಾನರು ಅದೇ ನಳದಲ್ಲಿ ಸ್ನಾನ ಮಾಡಿ ಹೋಗಿದ್ದರಂತೆ. ಆಗ ತುಂಬಿಕೊಂಡ ನೀರನ್ನು, ಊರೆಲ್ಲ ಹಂಚಿನಂತೆ ಕಾದರೂ, ಆ ಗೀಸರು ಹಾಗೇ ಕಾಪಾಡಿಕೊಂಡಿತ್ತು. ಒಳಗಿನ ಬಿಸಿ ಹೊರಗೆ ಬಿಡದ ಡಬ್ಬಿ, ಹೊರಗಿನ ಬಿಸಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ? ಇಷ್ಟು ವರ್ಷ ಅದರ ಕೆಳಗೇ ಮಿಂದ ನನಗೆ ಇದು ಹೊಳೆದೇ ಇರಲಿಲ್ಲ.

ಅತ್ತೆ ನೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಮೊದಲ ತಂಬಿಗೆ ಹೊಯ್ದರು. ಅಳು ಟಕ್ಕನೆ ನಿಂತಿತು. ಕೂಸು ಕಣ್ಣರಳಿಸಿ ನೀರಿನ ಸದ್ದನ್ನೇ ಕೇಳತೊಡಗಿತು.

"ಕೆಟ್ಟೈತಿ ಅಂತಿದ್ರಿ. ಕೂಸಿನ್ನ ಕಾಯ್ತು ನೋಡ್ರಿ," ಎಂದು ಅತ್ತೆ ಗೀಸರಿಗೆ ಒದ್ದೆ ಕೈ ಮುಗಿದರು. ನಾನೂ ಮುಗಿದೆ.

ನಿನ್ನೆ ಮಾನ್ವಿಯಿಂದ ಗೆಳತಿ ಫೋನ್ ಮಾಡಿದ್ದಳು. ಅವಳ ಸೊಸೆಗೂ ದಿನ ತುಂಬಿವೆ. "ಎಂಥಾ ಗೀಸರ್ ತೊಗೊಳ್ಳಲಿ, ಹೇಳವಾ?"

ನಾನೇ ತಿರುಗಿ ಕೇಳಿದೆ: "ಮದ್ಲ ನೀ ಹೇಳು, ಬಿಸಿನೀರಿಗೇನು, ತಣ್ಣೀರಿಗೇನು?"