ತುಂಬದೆ ಹೊರಟ ಜೀಪು

ಅವರ ಬಲಗೈ ಎಡಗೈಗಿಂತ ಎರಡು ಪಾಲು ಕಪ್ಪು. ಮೂವತ್ತು ವರ್ಷ ಜೀಪಿನ ಹೊರಗೆ ಮೊಣಕೈ ಚಾಚಿ ಬಿಸಿಲು ತಿಂದ ಕೈ ಅದು. ಕೈ ಜೋಡಿಸಿ ನಮಸ್ಕಾರ ಮಾಡಿದರೆ ಇಬ್ಬರು ಮನುಷ್ಯರು ಒಂದೊಂದು ಕೈ ಕೊಟ್ಟ ಹಾಗೆ ಕಾಣುತ್ತಿತ್ತು. ಕಡಬದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಅವರ ಅಂಗಿಗಳನ್ನು ಹೊಲಿಯುತ್ತಿದ್ದವಳು ನಾನೇ. ಬಲತೋಳು ಒಂದಿಂಚು ಸಡಿಲ ಇರಬೇಕು, ಅಷ್ಟೇ ಅವರ ಬೇಡಿಕೆ.

ಊರಿಗೆಲ್ಲ ಅವರು ಜೀಪಿನವರು. ಹಳ್ಳಿಯಿಂದ ಪೇಟೆಗೆ, ಪೇಟೆಯಿಂದ ಘಟ್ಟದ ಬುಡದ ಗುಂಡ್ಯಕ್ಕೆ ಜನ ಸಾಗಿಸುವ ಸರ್ವಿಸ್ ಜೀಪು. ಜನ ತುಂಬದೆ ಹೊರಡುವವರಲ್ಲ. ಎಲ್ಲ ಜೀಪುಗಳ ಕ್ರಮವೂ ಅದೇ, ಆದರೆ ಅವರದು ಹಟ. ಹತ್ತು ಜನ ಕೂತು ಬೆವರುತ್ತಿದ್ದರೂ, "ಒಂದು ಜನ ಬರ್ಲಿಕ್ಕುಂಟು, ಸ್ವಲ್ಪ ನಿಲ್ಲಿ" ಎಂದು ಓಣಿಯ ಕಡೆ ನೋಡುತ್ತ ನಿಲ್ಲುವರು. "ಯಾರು ಮಾರಾಯ್ರೆ ಬರುದು?" ಎಂದು ಕೇಳಿದರೆ, "ಬಂದ ಮೇಲೆ ಗೊತ್ತಾಗ್ತದೆ" ಎನ್ನುವರು. ಆ ಹಟದ ಹಿಂದೆ ನನ್ನ ತಮ್ಮ ಇದ್ದಾನೆ ಎಂದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ.

ತಮ್ಮ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಿ ಪುತ್ತೂರಿನಲ್ಲಿದ್ದ. ಅಮ್ಮ ತೀರಿಕೊಂಡು ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ನೆಂಟರೆಲ್ಲ ಸೇರಿದ್ದಾಗ, ಅವಳನ್ನೂ ಕರೆದುಕೊಂಡು ಬಂದ. ಮದುವೆಯಾಗದೆ ಉಳಿದ ನಾನೇ ಆಗ ಮನೆಯ ಹಿರಿಯಳು. ಮೆಟ್ಟಿಲಲ್ಲೇ ತಡೆದೆ. "ನಮ್ಮ ಪಾಲಿಗೆ ನೀನು ಸತ್ತ ಹಾಗೆ, ಹೋಗು" ಎಂದೆ. ಅವನು ಹೆಂಡತಿಯ ಕೈ ಹಿಡಿದು ಓಣಿ ಇಳಿದು ಹೋದ. ನಾನು ಒಳಗೆ ಹೋಗಿ ಪಂಕ್ತಿಗೆ ಪಾಯಸ ಬಡಿಸಿದೆ.

ಬಾಯಿಂದ ಬಂದದ್ದು ಹಾಗೆಯೇ ಉಳಿಯುತ್ತದೆ. ನಾಲ್ಕಾರು ವರ್ಷ ಅವನ ಸುದ್ದಿಯಿಲ್ಲ. ಆಮೇಲೆ ಘಟ್ಟದ ಮೇಲೆ ಎಲ್ಲೋ ಬಸ್ಸು ಮಗುಚಿ ಹೋದನಂತೆ ಎಂದು ಯಾರೋ ಹೇಳಿದರು. ಹೆಣ ನೋಡಿದವರಿಲ್ಲ. ಮನೆಯಲ್ಲಿ ಒಂದರ ಮೇಲೊಂದು ತೊಂದರೆ ಬಂದಾಗ ಜೋಯಿಸರು, ಹಸಿದ ಜೀವವೊಂದು ಬಾಗಿಲಲ್ಲಿ ನಿಂತಿದೆ ಎಂದರು. ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಹೋದ ಹಿರಿಯರಿಗೆ ಒಳಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದರಂತೆ ಎಲೆ ಹಾಕಿ, ಕೋಳಿ ರೊಟ್ಟಿ ಬಡಿಸಿ, ಅವರು ಉಣ್ಣಲಿ ಎಂದು ಬಾಗಿಲು ಎಳೆದು ಹೊರಗೆ ಕೂರುವ ಕ್ರಮ ನಮ್ಮದು. ಆ ವರ್ಷದಿಂದ ಪಕ್ಕದ ಮನೆಯ ಚಿಕ್ಕಪ್ಪ ಬಂದು ಅಮ್ಮನ ಎಲೆಯ ಪಕ್ಕದಲ್ಲಿ ತಮ್ಮನಿಗೂ ಒಂದು ಎಲೆ ಹಾಕಿದರು. ನನಗೆ ಏನೂ ಅನಿಸಲಿಲ್ಲ. ಎಲೆ ಒರೆಸಿ ಕೊಟ್ಟವಳು ನಾನೇ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಜೀಪಿನವರು ಅಂಗಡಿಗೆ ಬಂದು, ಕೂರದೆ, ಮೆಷಿನಿನ ಮೇಲೆ ಕೈಯಿಟ್ಟು ನಿಂತರು.

"ಅಕ್ಕ, ನೀವು ಎಲೆ ಹಾಕಿದ ಜನ ದೋಸೆ ಹುಯ್ತಾ ಉಂಟಂತೆ."

ಗುಂಡ್ಯದಲ್ಲಿ ಚಾ ಕುಡಿಯುವಾಗ ಒಬ್ಬ ಲಾರಿ ಚಾಲಕ ಹೇಳಿದನಂತೆ. ನಾಗಪುರ ದಾಟಿ ಜಬಲ್ಪುರದ ದಾರಿಯಲ್ಲಿ ಒಂದು ಹೋಟೆಲು, ಅಲ್ಲಿ ನೀರುದೋಸೆ ಸಿಗುತ್ತದೆ, ಹುಯ್ಯುವವನು ಕಡಬದ ಜೀಪುಗಳು ಇನ್ನೂ ಓಡುತ್ತವಾ ಎಂದು ಕೇಳಿದ ಎಂದು.

"ಹೋಗುವ" ಎಂದರು. ರೈಲು ಉಂಟಲ್ಲ ಎಂದೆ. "ರೈಲಲ್ಲಿ ಕರ್ಕೊಂಡು ಬರ್ಲಿಕ್ಕೆ ಸೀಟು ಸಿಗುದಿಲ್ಲ ಅಕ್ಕ. ನನ್ನಲ್ಲಿ ಸೀಟು ಉಂಟು. ಕೊಂಡುಹೋಗಿ ಬಿಟ್ಟವ ನಾನು, ಕೊಂಡುಬರುದು ಸಹ ನಾನೇ."

ಆಗ ಹೇಳಿದರು. ಬೊಜ್ಜದ ದಿನ ಜೀಪು ನಮ್ಮ ಓಣಿಯ ಬುಡದಲ್ಲೇ ಇತ್ತು. ದಿನವೂ ಅಲ್ಲಿ ಕಾಲುಗಂಟೆ ಕಾಯುತ್ತಿದ್ದರು. ತಮ್ಮ ಬಂದು ಹತ್ತಿ, ಬೇಗ ಬಿಡಿ ಮಾರಾಯ್ರೆ ಎಂದು ಕೈ ಮುಗಿದನಂತೆ. ಅವನ ಮುಖ ನೋಡಲಾಗದೆ ಇಬ್ಬರನ್ನೇ ಕೂರಿಸಿಕೊಂಡು ಗುಂಡ್ಯಕ್ಕೆ ಬಿಟ್ಟರಂತೆ.

"ಅದೊಂದು ದಿನ ತುಂಬದೆ ಹೊರಟೆ. ಕಾದಿದ್ರೆ ನೀವು ಇಳಿದು ಬರ್ತಿದ್ರಿ, ಅಲ್ವಾ ಅಕ್ಕ?"

ನಾನು ಬಾಯಲ್ಲಿದ್ದ ನೂಲನ್ನು ಸೂಜಿಗೆ ಪೋಣಿಸಿದೆ. "ಹೌದು, ಬರ್ತಿದ್ದೆ" ಎಂದೆ.

ಶಿರಾಡಿ ಹತ್ತಿ, ಹಾಸನ, ಹೊಸಪೇಟೆ, ವಿಜಯಪುರ, ಸೊಲ್ಲಾಪುರ ದಾಟಿ ನಾಲ್ಕು ದಿನದ ದಾರಿ. ಹಾಸನದಿಂದ ಆಚೆ ಅವರು ಕಂಡವರಲ್ಲ. ಹೆದ್ದಾರಿಯಲ್ಲಿ ಎಲ್ಲರೂ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಇವರು ತಿರುವಿಲ್ಲದ ರಸ್ತೆಯಲ್ಲೂ ಘಟ್ಟದ ಅಭ್ಯಾಸಕ್ಕೆ ಹಾರ್ನ್ ಹೊಡೆಯುತ್ತಿದ್ದರು. ದಾರಿಬದಿಯಲ್ಲಿ ಯಾರು ನಿಂತಿದ್ದರೂ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಹುಲ್ಲಿನ ಹೊರೆಯವರು, ಮದುವೆಗೆ ಹೊರಟವರು, ಎರಡು ಆಡಿನ ಜೊತೆಗೆ ಒಬ್ಬ ಅಜ್ಜ, ಎಲ್ಲರೂ ಹತ್ತಿದರು. ಒಬ್ಬರ ಭಾಷೆಯೂ ಇವರಿಗೆ ಬಾರದು. "ಸರಿ ಕೂತ್ಕೊಳ್ಳಿ, ಬಾಗಿಲು ಗಟ್ಟಿ ಹಿಡ್ಕೊಳ್ಳಿ" ಎಂದು ಕನ್ನಡದಲ್ಲೇ ಗದರಿಸುವರು. ನಾನು ಹೊರಗೆ ನೋಡುತ್ತ ಕೂತಿದ್ದೆ. ತಮ್ಮನ ಮುಖ ನೆನಪು ಮಾಡಿಕೊಳ್ಳಲು ನೋಡಿದರೆ ಬಾಳೆಎಲೆಯೇ ಕಾಣುತ್ತಿತ್ತು.

ಹೋಟೆಲು ಸಿಕ್ಕಿದ್ದೂ ಆ ಅಭ್ಯಾಸದಿಂದಲೇ. ನಾಗಪುರದಾಚೆ ಹತ್ತಿದ ಮುದುಕಿಯೊಬ್ಬರಿಗೆ ಇವರು ಕೈಯಲ್ಲಿ ಕಾವಲಿ ತೋರಿಸಿ, ತೆಳ್ಳಗೆ ಹುಯ್ದು, ಮಡಚಿ ತೋರಿಸಿದರು. ಆಕೆ ನಕ್ಕು, ಮುಂದೆ ಮುಂದೆ ಎಂದು ಬೆರಳು ಮಾಡಿ, ತಾನು ಇಳಿಯುವಲ್ಲಿ ಇಳಿಯದೆ ಹೋಟೆಲಿನ ಎದುರಿಗೇ ನಿಲ್ಲಿಸಿದರು.

ತಮ್ಮನ ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈ ಒರೆಸಿಕೊಂಡು ಬಂದು ನಿಂತ. ಅವನ ಹೆಂಡತಿ ಚಾ ತಂದು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಹೇಗೆ ಶುರು ಮಾಡುವುದು ತಿಳಿಯದೆ ನಾನು ನಿಜವನ್ನೇ ಹೇಳಿಬಿಟ್ಟೆ.

"ನಿನಗೆ ಎಲೆ ಹಾಕ್ತಾ ಇದ್ದೇವೆ."

"ಎಂತ ಬಡಿಸ್ತೀರಿ?"

"ಕೋಳಿ, ರೊಟ್ಟಿ."

"ಅಮ್ಮನ ಪಕ್ಕದಲ್ಲಾ?"

"ಹೌದು."

"ಹಾಗಾದ್ರೆ ಅಲ್ಲೇ ಇರ್ಲಿ ಅಕ್ಕ. ಬದುಕಿದ್ದಾಗ ಒಳಗೆ ಬರ್ಲಿಕ್ಕೆ ಆಗಿರ್ಲಿಲ್ಲ" ಎಂದು ಹೇಳಿ ಕಾವಲಿಯ ಹತ್ತಿರ ಹೋದ. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಚಾದಲ್ಲಿ ಕೆನೆ ಕಟ್ಟಿತು.

ಜೀಪಿನವರು ಮಾತ್ರ ಹೊರಡಲಿಲ್ಲ. ಎರಡು ಹಗಲು ಹೋಟೆಲಿನ ಎದುರು ಜೀಪು ನಿಲ್ಲಿಸಿ, ಮೊಣಕೈ ಹೊರಗಿಟ್ಟು, ಅಡುಗೆಮನೆಯ ಬಾಗಿಲು ನೋಡುತ್ತ ಕೂತರು. "ಒಂದು ಜನ ಬರ್ಲಿಕ್ಕುಂಟು" ಎಂದರು. ತಮ್ಮ ಹೊತ್ತುಹೊತ್ತಿಗೆ ಅವರಿಗೆ ದೋಸೆ ಕಳಿಸಿದ, ತಾನು ಬರಲಿಲ್ಲ. ಮೂರನೆಯ ಬೆಳಿಗ್ಗೆ ನಾನೇ "ಹೋಗುವ ಮಾರಾಯ್ರೆ" ಎಂದೆ. ವಾಪಸ್ ಬರುವಾಗ ಅವರು ದಾರಿಯಲ್ಲಿ ಯಾರನ್ನೂ ಹತ್ತಿಸಲಿಲ್ಲ. ಕೈ ಅಡ್ಡ ಹಿಡಿದವರನ್ನೂ ದಾಟಿ ಬಂದರು. ಅದು ನನ್ನ ಗಮನಕ್ಕೆ ಬಂದದ್ದು ಹಾಸನ ಹತ್ತಿರವಾದಾಗ.

"ಅವತ್ತು ಹತ್ತು ನಿಮಿಷ ಕಾಯ್ಬೇಕಿತ್ತು ಅಕ್ಕ" ಎಂದರು ಗುಂಡ್ಯದಲ್ಲಿ. ಆಗಲಾದರೂ ನಿಜ ಹೇಳಬಹುದಿತ್ತು. ನಾನು ಹೇಳಲಿಲ್ಲ. ನನ್ನ ತಪ್ಪಿನಲ್ಲಿ ಅರ್ಧ ಪಾಲನ್ನು ಅವರಾಗಿಯೇ ಹೊತ್ತಿದ್ದರು, ನನಗೆ ಅಷ್ಟು ಹಗುರವಾಗಿತ್ತು.

ಕಳೆದ ಬೇಸಿಗೆಯಲ್ಲಿ ಅವರು ಕಡಬದ ಸ್ಟ್ಯಾಂಡಿನಲ್ಲಿ, ಜೀಪಿನಲ್ಲಿ ಕೂತಲ್ಲೇ ಹೋದರು. ಕೈ ಕಿಟಕಿಯ ಹೊರಗೇ ಇತ್ತು. ಜನ ಒಬ್ಬೊಬ್ಬರಾಗಿ ಹತ್ತಿ, ಸೀಟು ಭರ್ತಿಯಾಗಿ, "ಇನ್ನಾದ್ರೂ ಬಿಡಿ ಮಾರಾಯ್ರೆ, ಯಾರೂ ಬರ್ಲಿಕ್ಕಿಲ್ಲ" ಎಂದು ರೇಗಿದ ಮೇಲೆಯೇ ಗೊತ್ತಾದದ್ದು.

ಈ ಆಟಿಯಲ್ಲಿ ನಾನು ಒಂದು ಎಲೆ ಹೆಚ್ಚು ಒರೆಸಿದೆ. ತಮ್ಮ ಬದುಕಿದ್ದಾನೆಂದು ತಿಳಿದ ವರ್ಷವೇ ಅವನ ಎಲೆ ತೆಗೆದಿದ್ದೆವು, ಅಮ್ಮನ ಪಕ್ಕ ಖಾಲಿಯಿತ್ತು. ಚಿಕ್ಕಪ್ಪ ಲೆಕ್ಕ ತಪ್ಪಿದೆ ಎಂದರು. ಜೀಪಿನವರಿಗೆ ಎಂದೆ. "ಅವರ ಮನೆಯಲ್ಲಿ ಮಕ್ಕಳಿದ್ದಾರೆ, ಬಡಿಸ್ತಾರೆ. ನಮ್ಮ ಜಾತಿಯವರೂ ಅಲ್ಲ. ಅಂಥವರಿಗೆ ಇಲ್ಲಿ ಎಲೆ ಹಾಕುವ ಕ್ರಮ ಉಂಟಾ?"

"ಬದುಕಿದ್ದವನಿಗೆ ಹಾಕುವ ಕ್ರಮ ಇತ್ತಾ ಚಿಕ್ಕಪ್ಪ?"

ಅವರು ಆ ಎಲೆಗೂ ಬಡಿಸಿದರು. ಎಲ್ಲರೂ ಹೊರಗೆ ಹೋದ ಮೇಲೆ ಬಾಗಿಲು ಎಳೆಯುವುದಕ್ಕೆ ನಾನು ಉಳಿದೆ. ಆ ಎಲೆಯ ಎದುರು ಕೂತೆ. ರೊಟ್ಟಿಯಿಂದ ಇನ್ನೂ ಹಬೆ ಏಳುತ್ತಿತ್ತು.

"ನೀವು ಕಾದಿದ್ರೂ ನಾನು ಬರ್ತಿರ್ಲಿಲ್ಲ ಮಾರಾಯ್ರೆ" ಎಂದೆ.

ಬಾಗಿಲು ಎಳೆದು ಜಗಲಿಗೆ ಬಂದು, ಎಲ್ಲರ ಜೊತೆ ಕೂತೆ.